ಬೀಜಾಡಿಯ ಚಾಪೆಯೂ ನೂರೈವತ್ತು ಜೋಡಿ ಚಪ್ಪಲಿಯೂ

"ಶನಿವಾರ ಬೀಜಾಡಿ ಕಡಲೂ ಒಂದ್ ಗಳ್ಗಿ ತೆರೆ ನಿಲ್ಸಿ ನನ್ ಕಾಣ್ಕ್, ಹಂಗ್ ಕುಣಿತೆ!"

ಯಡ್ತರೆಯ ಗೋವರ್ಧನ ಈ ಭೀಷಣ ಪ್ರತಿಜ್ಞೆ ಮಾಡಿದ್ದು 2012ರ ಡಿಸೆಂಬರಿನ ಒಂದು ಬೆಳಿಗ್ಗೆ, ಗಂಜಿ ಊಟಕ್ಕೆ ಕೂತಲ್ಲಿಂದಲೇ. ಪೇಪರಿನೊಳಗೆ ಬಂದ ಕರಪತ್ರದಲ್ಲಿ "ಹಳೇ ಪಾಪ್ ಹಬ್ಬ! ಎಂಬತ್ತರ ದಶಕದ ಡಿಸ್ಕೊ ಹಾಡುಗಳು! ಪ್ರವೇಶ ಉಚಿತ!" ಎಂದಿತ್ತು. ಉಚಿತ ಎಂಬುದು ಗಂಡ ಹೆಂಡತಿ ಇಬ್ಬರಿಗೂ ಹಿಡಿಸಿತು. ಡಿಸ್ಕೊ ಎಂಬುದು ಗಂಡನಿಗೆ ಮಾತ್ರ.

ಹೆಂಡತಿ ಜಲಜ ಮದುವೆಯಾದ ಇಪ್ಪತ್ತೇಳು ವರ್ಷಗಳಿಂದ ಒಂದೇ ಕಥೆ ಕೇಳುತ್ತಾ ಬಂದವಳು. ಮುಂಬಯಿಯಲ್ಲಿದ್ದಾಗ ಗೋವರ್ಧನ ಅಂಧೇರಿಯ ಡಿಸ್ಕೊದೊಳಗೆ ಕಾಲಿಟ್ಟರೆ ಉಳಿದವರೆಲ್ಲ ಗೋಡೆಗೆ ಅಂಟಿಕೊಂಡು ಜಾಗ ಬಿಡುತ್ತಿದ್ದರಂತೆ! ಸಾರಿಗೆ ಉಪ್ಪು ಹೆಚ್ಚಾದ ಜಗಳವೂ ಕೊನೆಗೆ ಅಂಧೇರಿಗೇ ಹೋಗಿ ಮುಟ್ಟುತ್ತಿತ್ತು. ಆದರೆ ಅವನು ಕುಣಿದದ್ದನ್ನು ಅವಳು ಒಂದು ದಿನವೂ ಕಂಡಿರಲಿಲ್ಲ.

"ಅಡ್ಡಿಲ್ಲ, ಮೀನ್ ಯಾಪಾರ ಬಿಟ್ಕಂಡ್ ಬತ್ತೆ" ಎಂದಳು ಜಲಜ. "ಆದ್ರೆ ಒಂದ್ ಮಾತ್. ಕುಣೀದೇ ವಾಪಸ್ ಬಂದ್ರೆ ಆ ಬೊಂಬಾಯಿ ಸುದ್ದಿ ಇನ್ ಈ ಮನಿಯಂಗೆ ಎತ್ತೂಕಾಗ!"

"ಎತ್ತೂದಿಲ್ಲ ಮಾರಾಯ್ತಿ!"

ಅಲ್ಲಿಗೆ ಇಪ್ಪತ್ತೇಳು ವರ್ಷದ ಮರ್ಯಾದೆ ಪಣಕ್ಕೆ ಬಿತ್ತು.

ಗೋವರ್ಧನನ ತಯಾರಿ ಭರ್ಜರಿಯಾಗಿತ್ತು. ಮೀಸೆಗೆ ಬಣ್ಣ, ಕಣ್ಣಿಗೆ ಕಪ್ಪು ಕನ್ನಡಕ, ಬಗಲಿಗೆ ಒಂದು ಚಾಪೆ. ಡಿಸ್ಕೊಗೆ ಚಾಪೆ ಯಾಕೆ ಎಂದು ನೀವು ಕೇಳಬಹುದು. ಹುಟ್ಟಿದಾರಭ್ಯ ಯಕ್ಷಗಾನದ ಬಯಲಾಟ ನೋಡಿದವನು ಅವನು. ಬೇಗ ಹೋಗಿ ರಂಗಸ್ಥಳದ ಎದುರು ಚಾಪೆ ಹಾಸಿಟ್ಟರೆ ಆ ಜಾಗ ನಮ್ಮದು, ಆಮೇಲೆ ಚಾ ಕುಡಿದು ಬಂದರೂ ಯಾರೂ ಮುಟ್ಟುವುದಿಲ್ಲ. ಪಾಪ್ ಹಬ್ಬಕ್ಕೂ ಅದೇ ಕಾನೂನು ಎಂದು ಅವನು ತೀರ್ಮಾನಿಸಿದ್ದ.

ಶನಿವಾರ ಮೂರು ಗಂಟೆಗೆ ಬೀಜಾಡಿಯ ಕಡಲ ತಡಿಯ ಹೊಯ್ಗೆಯ ಮೇಲೆ, ಸ್ಟೇಜಿನ ನೇರ ಎದುರು ಚಾಪೆ ಹಾಸಿ, ಇಬ್ಬರೂ ಕೋಟೇಶ್ವರಕ್ಕೆ ಚಾ ಕುಡಿಯಲು ಹೋದರು. ವಾಪಸು ಬಂದಾಗ ನೋಡುವುದೇನು! ಹಬ್ಬ ಶುರುವಾಗಿದೆ. ಒಬ್ಬರೂ ಕೂತಿಲ್ಲ. ಹುಡುಗ ಹುಡುಗಿಯರೆಲ್ಲ ನಿಂತಲ್ಲೇ ಕುಪ್ಪಳಿಸುತ್ತಿದ್ದಾರೆ. ಚಾಪೆಯ ಮೇಲೆ ಎಂಟು ಜೊತೆ ಬೂಟುಗಾಲು!

ಗೋವರ್ಧನನಿಗೆ ರೇಗಿ ಹೋಯಿತು.

"ಹ್ವಾಯ್! ಚಪ್ಪಲ್ ಹಾಯ್ಕಂಡ್ ಚಾಪೆ ಮೆಟ್ಟೂದಾ? ತೆಗೆದ್ ಬದಿಗ್ ಇಡಿ!"

ಹುಡುಗರು ಮಹಾ ವಿಧೇಯರು. ತೆಗೆದು ಬದಿಗಿಟ್ಟರು. ಬರಿಗಾಲಿಗೆ ಹೊಯ್ಗೆ ತಾಗಿದ್ದೇ ಖುಷಿಯೋ ಖುಷಿ! ಖಾಲಿಯಾದ ಚಾಪೆಯ ಮೇಲೆ ಗೋವರ್ಧನ ಗತ್ತಿನಿಂದ ಕೂತ. ಒಬ್ಬಳು ಹುಡುಗಿ ಬೆಳ್ಳಿ ಬಣ್ಣದ ಸ್ಯಾಂಡಲ್ ಅವನ ಮಡಿಲ ಹತ್ತಿರವೇ ಇಟ್ಟು, "ಥ್ಯಾಂಕ್ಸ್ ಅಂಕಲ್, ಒಂಚೂರ್ ಕಂಡ್ಕಣಿ" ಎಂದು ಓಡಿದಳು. ಅವಳನ್ನು ನೋಡಿ ಇನ್ನಿಬ್ಬರು. ಅವರನ್ನು ನೋಡಿ ಇಪ್ಪತ್ತು ಮಂದಿ. ಅಷ್ಟರಲ್ಲಿ ಸ್ಟೇಜಿನ ಮೇಲಿದ್ದ ನಿರೂಪಕ ಮೈಕಿನಲ್ಲಿ ಘೋಷಿಸಿಯೇಬಿಟ್ಟ:

"ಬರಿಗಾಲಲ್ಲಿ ಕುಣಿಯುವವರು ಎದುರಿನ ಚಾಪೆಯಲ್ಲಿ ಕೂತ ಅಂಕಲ್ ಹತ್ತಿರ ಚಪ್ಪಲಿ ಇಡಬಹುದು! ಸೇವೆ ಉಚಿತ!"

"ನಾನ್ ಚಪ್ಪಲ್ ಕಾಯೂಕ್ ಬಂದದ್ದಲ್ಲ ಮಾರ್ರೆ!" ಎಂಬ ಅವನ ಕೂಗು ಡ್ರಮ್ಮಿನ ಸದ್ದಿನಲ್ಲಿ ಮುಳುಗಿತು. ಅರ್ಧ ಗಂಟೆಯಲ್ಲಿ ನೂರೈವತ್ತು ಜೋಡಿ! ಹವಾಯಿ, ಬೂಟು, ಹಿಮ್ಮಡಿ ಎತ್ತರದ್ದು, ಮಗುವಿನ ಕಿಂಯ್‌ಗುಟ್ಟುವ ಬೂಟೂ ಒಂದು.

ಆಗ ಅವನ ಹಾಡು ಬಂತು. ಅಂಧೇರಿಯ ಹಾಡು! ಮೊದಲ ಗಿಟಾರಿಗೇ ಗೋವರ್ಧನನ ಕಾಲು ತಾಳ ಹಾಕಿತು. ಎದ್ದ. ಕನ್ನಡಕ ಸರಿಮಾಡಿದ. ಒಂದು ಕೈ ಆಕಾಶಕ್ಕೆತ್ತಿದ.

"ಅಂಕಲ್, ಎಲ್ಲಿಗ್ ಹೊರಟ್ರಿ?" ಹಿಂದಿನಿಂದ ಒಬ್ಬ ಕೂಗಿದ. "ನನ್ ಶೂ ಹೊಸ್ತ್!"

ಎತ್ತಿದ ಕೈ ಇಳಿಯಿತು. ಗೋವರ್ಧನ ಕೂತ.

"ಹಂಗಾರೆ ನೀವ್ ಕಂಡ್ಕಂಡ್ ಇರಿ, ನಾ ಒಂದ್ ಸುತ್ತ್ ಹೋಯ್ ಬತ್ತೆ" ಎಂದ ಜಲಜ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳನುಗ್ಗಿದಳು. ಹೋದವಳು ಒಂದು ಸುತ್ತಿಗೆ ನಿಲ್ಲಲಿಲ್ಲ. ಮೀನಿನ ಬುಟ್ಟಿ ಹೊತ್ತು ಮನೆಮನೆ ತಿರುಗಿದ ಆ ಕಾಲುಗಳಿಗೆ ದಣಿವೇ ಇಲ್ಲ! ಹುಡುಗಿಯರು ಅವಳ ಸುತ್ತ ವೃತ್ತ ಕಟ್ಟಿ ಶಿಳ್ಳೆ ಹೊಡೆದರು. ಗೋವರ್ಧನನಿಗೆ ಹೊಟ್ಟೆಕಿಚ್ಚಾಯಿತು, ಅದಕ್ಕಿಂತ ಹೆಚ್ಚು ಹೆಮ್ಮೆಯಾಯಿತು. ಇವಳು ಇಷ್ಟು ನಗುವುದನ್ನು ನೋಡಿ ಎಷ್ಟು ವರ್ಷವಾಯಿತು ಎಂದುಕೊಂಡ.

ಹೊತ್ತು ಮುಳುಗಿ ಹಬ್ಬ ಮುಗಿದದ್ದೇ ನೂರೈವತ್ತು ಮಂದಿ ಚಾಪೆಯ ಮೇಲೆ ಬಿದ್ದರು. ಚೀಟಿಯಿಲ್ಲ, ನಂಬರಿಲ್ಲ. ಇನ್ನು ಹೊಡೆದಾಟವೇ ಸೈ ಎಂದು ಜಲಜ ಕಣ್ಣು ಮುಚ್ಚಿದಳು.

"ಸಾಲಂಗೆ ನಿಲ್ಲಿ!" ಎಂದು ಗುಡುಗಿದ ಗೋವರ್ಧನ.

ಸಾಲಾಯಿತು. ಅವನು ಮುಖ ನೋಡುವುದು, ಬಗ್ಗುವುದು, ಜೋಡಿ ಎತ್ತಿಕೊಡುವುದು. ಬೆಳ್ಳಿ ಸ್ಯಾಂಡಲಿನವಳು ಬಾಯಿ ತೆರೆಯುವ ಮೊದಲೇ ಸ್ಯಾಂಡಲ್ ಅವಳ ಕೈಯಲ್ಲಿತ್ತು. ಕಾಲು ಗಂಟೆಯಲ್ಲಿ ಚಾಪೆ ಖಾಲಿ. ಒಂದೂ ಅದಲುಬದಲಾಗಲಿಲ್ಲ! ಸ್ಟೇಜಿನವರು ಚಪ್ಪಾಳೆ ತಟ್ಟಿದರು. ಗೋವರ್ಧನ ಮೈಮರೆತು ತಲೆಬಾಗಿ ನಮಸ್ಕರಿಸಿದ. ಜಲಜ ಮಾತ್ರ ಚಪ್ಪಾಳೆ ತಟ್ಟದೆ ಅವನನ್ನೇ ನೋಡುತ್ತಾ ನಿಂತಿದ್ದಳು.

ಬೈಂದೂರಿನ ಬಸ್ಸು ತ್ರಾಸಿ ದಾಟಿತು. ಜಲಜ ಮೆಲ್ಲಗೆ ಕೇಳಿದಳು.

"ಹ್ವಾಯ್, ಒಂದ್ ಮಾತ್ ಕೇಂತೆ, ಸತ್ಯ ಹೇಳ್ಕ್. ಆ ಅಂಧೇರಿ ಡಿಸ್ಕೊದ ಬಾಗಿಲಂಗೆ ಕೂಕಂಡ್ ನೀವ್ ಚಪ್ಪಲ್ ಕಾಯ್ತಿದ್ರಿಯಾ?"

ಗೋವರ್ಧನ ಕಪ್ಪು ಕನ್ನಡಕ ತೆಗೆದು ಜೇಬಿಗಿಟ್ಟ.

"ಚಪ್ಪಲ್ ಅಲ್ಲ ಮಾರಾಯ್ತಿ, ಛತ್ರಿ" ಎಂದ. "ಬೇಸ್ಗಿಯಂಗೆ ಹೆಲ್ಮೆಟ್."