ಟೀಚರಮ್ಮ ರಜೆಯಲ್ಲಿದ್ದಾಗ ನಡೆದ ಕೊಲೆ

ಸದರಿ ಊರಿನಲ್ಲಿ ಕೊಲೆ ಪತ್ತೆ ಮಾಡುವ ಅಧಿಕಾರ ಪೊಲೀಸರಿಗೆ ಇರುವುದಿಲ್ಲ. ಅದು ಸ್ವೆಟರ್ ಹೆಣೆಯುವ ನಿವೃತ್ತ ಟೀಚರಮ್ಮನವರಿಗೆ ಸೇರಿದ್ದು. ಪೊಲೀಸರ ಕರ್ತವ್ಯವೇನಿದ್ದರೂ ಮೊದಲು ತಪ್ಪು ವ್ಯಕ್ತಿಯನ್ನು ಬಂಧಿಸುವುದು, ಆಮೇಲೆ "ಅರೆ, ನಮಗೆ ಹೊಳೆಯಲೇ ಇಲ್ಲವಲ್ಲ!" ಎಂದು ಬೆರಗಾಗುವುದು. ಇನ್ಸ್‌ಪೆಕ್ಟರ್ ಇಪ್ಪತ್ತೆರಡು ವರ್ಷಗಳಿಂದ ಇವೆರಡನ್ನೂ ಚಾಚೂ ತಪ್ಪದೆ ಮಾಡಿಕೊಂಡು ಬಂದಿದ್ದರು. ತಿಂಗಳ ಕೊನೆಗೆ ನಿವೃತ್ತಿ. ಅಷ್ಟರೊಳಗೆ ಒಂದೇ ಒಂದು ಸಲ, ನಿಜವಾದ ಕೊಲೆಗಾರನ ಕೈಗೆ ತಾವೇ ಬೇಡಿ ಹಾಕಬೇಕೆಂದು ಅವರಿಗೆ ಬಹಳ ಆಸೆಯಿತ್ತು.

ಮಂಗಳವಾರ ಬೆಳಿಗ್ಗೆ ಬೇಕರಿಯವನು ಹಿಟ್ಟು ಮೆತ್ತಿದ ಕೈಯಲ್ಲೇ ಠಾಣೆಗೆ ಬಂದ.

"ಸಾರ್, ಹೂದೋಟ ಸಂಘದ ಅಧ್ಯಕ್ಷರನ್ನ ನಾನೇ ಕೊಂದೆ. ಲಟ್ಟಣಿಗೆ ತಂದಿದ್ದೀನಿ."

"ಯಾಕಯ್ಯಾ?"

"ನನ್ನ ಕೇಕಿಗೆ ಮೂರನೇ ಬಹುಮಾನ ಕೊಟ್ರು. ಸ್ಪರ್ಧೆಯಲ್ಲಿ ಇದ್ದಿದ್ದೇ ಇಬ್ರು."

ಇನ್ಸ್‌ಪೆಕ್ಟರಿಗೆ ಕಾರಣ ನ್ಯಾಯವಾಗಿಯೇ ಕಂಡಿತು. ರೊಟ್ಟಿ ಜಾರಿ ತುಪ್ಪಕ್ಕೆ ಬಿತ್ತೆಂದು ಬೇಡಿ ತೆಗೆದರು. ಅಷ್ಟರಲ್ಲಿ ಠಾಣೆಯ ಗುಮಾಸ್ತ ನಿಯಮ ಪುಸ್ತಕ ಹಿಡಿದು ಬಂದ.

"ಆಗಲ್ಲ ಸಾರ್. ಕಲಂ ಹದಿನಾಲ್ಕು. ಶಂಕಿತರು ಕನಿಷ್ಠ ಐವರಿರತಕ್ಕದ್ದು. ಅವರನ್ನು ಹಜಾರದಲ್ಲಿ ಕೂರಿಸಿ, ಟೀ ಕೊಟ್ಟು, ಪತ್ತೇದಾರರು ಸತ್ಯ ಬಯಲು ಮಾಡತಕ್ಕದ್ದು. ಅದಕ್ಕೆ ಮುಂಚಿನ ತಪ್ಪೊಪ್ಪಿಗೆ ಅಸಿಂಧು."

"ಹಾಗಾದ್ರೆ ಟೀಚರಮ್ಮನ್ನ ಕರೀರಿ."

"ಮಂಡಿ ಆಪರೇಷನ್ ಸಾರ್. ಮೂರು ತಿಂಗಳು ರಜೆ."

ಬೇಕರಿಯವನು ಬೆಂಚಿನ ಮೇಲೆ ಕೂತು ಕಾದ. ಬುಧವಾರವೂ ಕಾದ. ಪದ್ಧತಿಯಂತೆ ತಪ್ಪು ವ್ಯಕ್ತಿಯಾಗಿ ಅಧ್ಯಕ್ಷರ ಮನೆಯ ಮಾಲಿಯನ್ನು ಬಂಧಿಸಲಾಯಿತು. ಅವನಿಗೆ ಇದು ಒಂಬತ್ತನೇ ಸಲ, ಹಾಸಿಗೆ ಸುತ್ತಿಕೊಂಡೇ ಬಂದಿದ್ದ. ಗುರುವಾರ ಮೇಲಿನ ಕಚೇರಿಯಿಂದ ಆದೇಶ ಬಂತು: ಪ್ರಕರಣದ ಸಂಪೂರ್ಣ ಮಾಹಿತಿಯುಳ್ಳ ಸ್ಥಳೀಯರೊಬ್ಬರನ್ನು ಹಂಗಾಮಿ ಪತ್ತೇದಾರರನ್ನಾಗಿ ನೇಮಿಸತಕ್ಕದ್ದು.

ಅಂಥವನು ಊರಿನಲ್ಲಿ ಒಬ್ಬನೇ ಇದ್ದ.

ಭಾನುವಾರ ಅಧ್ಯಕ್ಷರ ಮನೆಯ ಹಜಾರದಲ್ಲಿ ಬೇಕರಿಯವನು ಬಾರದ ಕೈಯಲ್ಲಿ ಸ್ವೆಟರ್ ಹೆಣೆಯುತ್ತ ಉಳಿದ ನಾಲ್ವರು ಶಂಕಿತರ ಬೆವರಿಳಿಸಿದ. ಕಡೆಗೆ ತನ್ನ ಎದೆಗೇ ಬೆರಳು ಮಾಡಿ "ಕೊಲೆಗಾರ ನಾನೇ!" ಎಂದ. ಎಲ್ಲರೂ ಹೌಹಾರಿದರು. ಅಧ್ಯಕ್ಷರ ಹೆಂಡತಿ ಕಣ್ಣೊರೆಸಿಕೊಂಡು, "ಟೀಚರಮ್ಮನೂ ಇಷ್ಟು ಚೆನ್ನಾಗಿ ಬಿಡಿಸಿ ಹೇಳ್ತಿರಲಿಲ್ಲಪ್ಪ," ಎಂದರು.

ಇನ್ಸ್‌ಪೆಕ್ಟರ್ ಲಗುಬಗೆಯಿಂದ ಬೆರಗಾಗಿ ಮುಗಿಸಿ ಬೇಡಿಗೆ ಕೈ ಹಾಕಿದರು. ಗುಮಾಸ್ತ ಕೆಮ್ಮಿದ.

"ಸಾರ್, ಅವರೀಗ ಸರ್ಕಾರಿ ನೌಕರರು. ಬಂಧಿಸೋಕೆ ಪತ್ತೇದಾರರ ಒಪ್ಪಿಗೆ ಬೇಕು."

ಅರ್ಜಿಯನ್ನು ಅಲ್ಲೇ ಬರೆದು ಕೊಟ್ಟರು. ಬೇಕರಿಯವನು ಎರಡು ಸಲ ಓದಿ, "ಹೆಚ್ಚಿನ ತನಿಖೆ ಅಗತ್ಯ" ಎಂದು ಷರಾ ಬರೆದು ಸಹಿ ಹಾಕಿದ.

"ಬೇಜಾರು ಮಾಡ್ಕೋಬೇಡಿ ಸಾರ್. ಆತುರಪಟ್ಟು ನಿರಪರಾಧಿಗೆ ಶಿಕ್ಷೆ ಆಗಿಬಿಟ್ರೆ?"

ಇನ್ಸ್‌ಪೆಕ್ಟರ್ ಮನೆಗೆ ಹೋಗಿ ಹೆಂಡತಿಯ ಮುಂದೆ ಅತ್ತುಬಿಟ್ಟರು. ಆಕೆ ಸೆರಗು ಸಿಕ್ಕಿಸಿಕೊಂಡು ನೇರ ಬೇಕರಿಗೆ ಹೋಗಿ ಮಾತಾಡಿ ಬಂದರು.

ಬೀಳ್ಕೊಡುಗೆಯ ದಿನ ಠಾಣೆಗೆ ಮುಖ್ಯ ಅತಿಥಿಯಾಗಿ ಬಂದ ಬೇಕರಿಯವನು ಎರಡೂ ಕೈ ಮುಂದೆ ಚಾಚಿದ. ಇನ್ಸ್‌ಪೆಕ್ಟರ್ ಬೇಡಿ ಹಾಕಿದರು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಲಾಕಪ್ಪಿನೊಳಗಿಂದ ಮಾಲಿಯೂ ತಟ್ಟಿದ. ಫೋಟೊ ತೆಗೆದಾದ ಮೇಲೆ ಬೇಡಿ ಬಿಚ್ಚಲಾಯಿತು.

ಆ ಫೋಟೊಗೆ ಇನ್ಸ್‌ಪೆಕ್ಟರ ಹೆಂಡತಿ ಕಟ್ಟು ಹಾಕಿಸಿದ್ದಾರೆ. ಮನೆಗೆ ಬಂದವರೆಲ್ಲ ನೋಡಿ, "ಎಂಥಾ ನಿಯತ್ತಿನ ಜನ, ಇಬ್ಬರೂ!" ಎನ್ನುತ್ತಾರೆ.