ಹಿರೇ ಮಶೀನಿಗೆ ಕಿರೇ ಮಶೀನಿನ ನಮಸ್ಕಾರ

ಮನುಷ್ಯರಿಗೆ ಕುಸ್ತಿ ಹಚ್ಚಿದವರನ್ನು ನೀವು ನೋಡಿರುತ್ತೀರಿ. ಟಗರಿಗೆ, ಹುಂಜಕ್ಕೆ ಹಚ್ಚಿದವರನ್ನೂ ನೋಡಿರುತ್ತೀರಿ. ಆದರೆ ಎರಡು ಮಶೀನುಗಳನ್ನು ಎದುರುಬದುರು ಕೂಡ್ರಿಸಿ, ಕಾಳಗಕ್ಕೆ ಮುಂಚೆ ಕಿರೇ ಮಶೀನನ್ನು ಎತ್ತಿ, ಹಿರೇ ಮಶೀನಿನ ಮುಂದೆ ಬಗ್ಗಿಸಿ, ನಮಸ್ಕಾರ ಮಾಡಿಸಿದವರನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ಅವನು ನಮ್ಮ ಕಾಕಾ. ಎಂಬತ್ತರ ದಶಕದ ನಡುವೆ, ಸಂಶಿಯ ನಮ್ಮ ಮನೆಯ ಪಡಸಾಲೆಯಲ್ಲಿ, ನನ್ನ ಕಣ್ಣೆದುರಿಗೇ ಇದು ನಡೆಯಿತು. ನಮಸ್ಕಾರ ಮಾಡಿಸಿದ್ದಷ್ಟೇ ಅಲ್ಲ, ಹಿರೇ ಮಶೀನು ಆಶೀರ್ವಾದ ಮಾಡಿತು ಅಂತ ತಾನೇ ಹೇಳಿಯೂ ಬಿಟ್ಟ!

ಕಾಕಾ ಅಂದರೆ ನಮ್ಮಪ್ಪನ ತಮ್ಮ. ಮೆಣಸಿನಕಾಯಿ, ಹತ್ತಿ ಬೆಳೆಯುವ ಎರೆಹೊಲದವನು. ಹೊಲದ ಕೆಲಸ ತಪ್ಪಿಸಿದವನಲ್ಲ, ವಿಭೂತಿ ಹಚ್ಚದೆ ತಾಟಿನ ಮುಂದೆ ಕೂತವನಲ್ಲ. ಇದ್ದದ್ದು ಒಂದೇ ಹುಚ್ಚು: ಹಳೆಯದೊಂದು, ಹೊಸದೊಂದು ಸಿಕ್ಕರೆ ಎರಡನ್ನೂ ಬಾಜೂಬಾಜೂಕ್ಕಿಟ್ಟು "ಯಾವುದು ಜೋರು?" ಅಂತ ನೋಡಲೇಬೇಕು. ಹುಬ್ಬಳ್ಳಿಗೆ ಹಳೇ ಬಸ್ಸಿನಲ್ಲಿ ಹೋಗಿ ಹೊಸ ಬಸ್ಸಿನಲ್ಲಿ ಬರುತ್ತಿದ್ದ, ಹುಬ್ಬಳ್ಳಿಯಲ್ಲಿ ಕೆಲಸ ಇಲ್ಲದಿದ್ದರೂ. ಒಮ್ಮೆ ಮನೆಯ ಹಳೇ ಬ್ಯಾಟರಿ, ಹೊಸ ಬ್ಯಾಟರಿ, ಅಂದರೆ ಟಾರ್ಚು, ಎರಡನ್ನೂ ಹಚ್ಚಿಟ್ಟು ಯಾವುದು ಮೊದಲು ಆರುತ್ತದೆ ಅಂತ ಕಾಯುತ್ತ ಕೂತ. ಕಾಯುತ್ತ ಕಾಯುತ್ತ ನಿದ್ದೆ ಹೋದ. ಬೆಳಿಗ್ಗೆ ನೋಡಿದರೆ ಎರಡೂ ಆರಿದ್ದವು. ಎರಡೂ ಸಮ ಅಂತ ಖಾತ್ರಿ ಆಯಿತಲ್ಲ ಅಂದ. ಅವನ ಹೆಂಡತಿ, ನಮ್ಮ ಕಾಕೂ, ಆ ವಾರವೆಲ್ಲ ಕಂದೀಲು ಹಿಡಿದು ಹಿತ್ತಲಿಗೆ ಹೋಗಬೇಕಾಯಿತು. ತಾಯಿ ಬಡಿದ ರೊಟ್ಟಿ, ಹೆಂಡತಿ ಬಡಿದ ರೊಟ್ಟಿ ಎರಡನ್ನೂ ಬಾಜೂಕ್ಕಿಟ್ಟು ನೋಡಿದ ದಿನದ ಕತೆಯನ್ನು ಮಾತ್ರ ನಾನು ಬರೆಯಲಾರೆ. ಕಾಕೂ ಇನ್ನೂ ಇದ್ದಾಳೆ, ಓದುತ್ತಾಳೆ.

ಇಂಥ ಕಾಕಾನಿಗೂ ಒಬ್ಬ ಗುರು ಇದ್ದರು. ಇಮಾಮಸಾಹೇಬರು. ಆಚೆ ಓಣಿಯಲ್ಲಿ ಮನೆ, ಮನೆಯೊಳಗೆ ಮಗ್ಗ. ಚದುರಂಗಕ್ಕೆ ನಮ್ಮ ಕಡೆಯ ಹಿರಿಯರು ಬುದ್ಧಿಬಳ ಅನ್ನುತ್ತಿದ್ದರು. ಕಾಕಾ ಚಡ್ಡಿ ಹಾಕುವ ವಯಸ್ಸಿನಲ್ಲಿ ಅದನ್ನು ಕಲಿಸಿದವರು ಅವರು. ಅಂದಿನಿಂದ ದಿನಾ ಸಂಜೆ ನಮ್ಮ ಕಟ್ಟೆಯ ಮೇಲೆ ಆಟ. ಅಂದಿನಿಂದ ದಿನಾ ಸಂಜೆ ಕಾಕಾನಿಗೆ ಸೋಲು. ಒಂದೇ ಒಂದು ಸಲವೂ ಗೆದ್ದವನಲ್ಲ. ಸೋತು ಒಳಗೆ ಬಂದರೆ ಹಸಿವೆ ಮಾತ್ರ ಗೆದ್ದವನ ಹಸಿವೆ.

ಆಮೇಲೆ ಸಾಹೇಬರ ಕಣ್ಣಿಗೆ ಪೊರೆ ಬಂತು. ಮೊದಲು ನೂಲು ಕಾಣದಾಯಿತು, ಮಗ್ಗ ಮಗನ ಕೈಗೆ ಹೋಯಿತು. ಮುಂದೆ ಪಟದ ಮೇಲಿನ ಕಾಯಿಗಳೂ ಕಾಣದಾದವು. ಅವರಿಗೇನೂ ಅಡ್ಡಿಯಿರಲಿಲ್ಲ. ನೀನು ಬಾಯಲ್ಲಿ ಹೇಳು, ನಾನು ಬಾಯಲ್ಲೇ ಆಡುತ್ತೇನೆ ಅಂದರು. ಪಟವೆಲ್ಲ ಅವರ ತಲೆಯೊಳಗೇ ಹಾಸಿಕೊಂಡಿತ್ತು. ಅಡ್ಡಿಯಾದದ್ದು ಕಾಕಾನಿಗೆ. ಗೆದ್ದರೆ ಕಣ್ಣಿಲ್ಲದವನನ್ನು ಗೆದ್ದ ಅನ್ನುತ್ತಾರೆ, ಸೋತರೆ ಕಣ್ಣಿಲ್ಲದವನ ಕೈಯಲ್ಲಿ ಸೋತ ಅನ್ನುತ್ತಾರೆ. ಎತ್ತ ಹೋಗಬೇಕು ಮನುಷ್ಯ? ಹೀಗಾಗಿ ಹಟ ಹಿಡಿದ: ಹುಬ್ಬಳ್ಳಿಗೆ ಹೋಗಿ ಪೊರೆ ತೆಗೆಸಿಕೋ, ಕಣ್ಣು ಬಂದ ಮೇಲೆ ಆಡೋಣ.

ಸಾಹೇಬರು ಒಲ್ಲೆ ಅಂದರು. ಅವರ ಸೋದರಮಾವ ಹಿಂದೆಂದೋ ಪೊರೆ ತೆಗೆಸಿಕೊಳ್ಳಲು ಹೋಗಿ ಇದ್ದ ಬೆಳಕನ್ನೂ ಕಳೆದುಕೊಂಡು ಬಂದಿದ್ದರಂತೆ.

"ಈಗ ಬೆಳಕು ಯಾವ ಕಡೆ, ಕತ್ತಲಿ ಯಾವ ಕಡೆ ಅನ್ನೂದಾರ ತಿಳೀತೈತಿ ತಮ್ಮಾ," ಅಂದರು. "ಅದೂ ಹೋದ್ರ?"

ಕಾಕಾನೂ ತನ್ನ ಹಟ ಬಿಡಲಿಲ್ಲ. ಆಟ ನಿಂತಿತು. ಇಬ್ಬರೂ ದಿನಾ ಸಂಜೆ ಅದೇ ಕಟ್ಟೆಯ ಮೇಲೆ ಕೂಡುತ್ತಿದ್ದರು, ಮಳೆಯ ಸುದ್ದಿ, ಮೆಣಸಿನಕಾಯಿ ಪೇಟೆಯ ಸುದ್ದಿ ಆಡುತ್ತಿದ್ದರು. ನಡುವೆ ಪಟ ಇರುತ್ತಿದ್ದ ಜಾಗವನ್ನು ಮಾತ್ರ ಖಾಲಿ ಬಿಡುತ್ತಿದ್ದರು. ಅಲ್ಲಿ ಯಾರೂ ಚಹಾದ ಬಶಿ ಕೂಡ ಇಡುತ್ತಿರಲಿಲ್ಲ.

ಸಾಹೇಬರ ಹತ್ತಿರ ಒಂದು ಚೆಸ್ ಆಡುವ ಮಶೀನು ಇತ್ತು. ಹಡಗಿನ ಮೇಲೆ ಕೆಲಸಕ್ಕಿದ್ದ ಅವರ ತಂಗಿಯ ಮಗ ಕೆಲವು ವರ್ಷಗಳ ಹಿಂದೆ ತಂದುಕೊಟ್ಟದ್ದು. ಕರೀ ಡಬ್ಬಿ, ಅದರ ಮೈಮೇಲೆ ಗುಂಡಿಗಳು, ಹಣೆಯಲ್ಲಿ ಕೆಂಪು ಅಕ್ಷರ. ಗುಂಡಿ ಒತ್ತಿ ನಮ್ಮ ನಡೆ ತಿಳಿಸಿದರೆ ತನ್ನ ನಡೆಯನ್ನು ಕೆಂಪಗೆ ತೋರಿಸುತ್ತಿತ್ತು. ಹೀಗಿರುವಾಗ ಕಾಕಾನ ಅಳಿಯ ಮುಂಬೈಯಿಂದ ಹೊಸ ಮಾದರಿಯದೊಂದನ್ನು ತಂದ. ಇದರಲ್ಲಿ ಪಟವೇ ಮಶೀನು. ಕಾಯಿಯನ್ನು ಮನೆಯ ಮೇಲೆ ಮೆಲ್ಲಗೆ ಒತ್ತಿದರೆ ಸಾಕು, ಅಂಚಿನಲ್ಲಿ ಸಣ್ಣ ದೀಪಗಳು ಹತ್ತಿ ತನ್ನ ನಡೆ ಹೇಳುತ್ತಿತ್ತು. ಮೊದಲ ದಿನವೇ ಕಾಕಾ ಅದರ ಜೊತೆ ಜಗಳ ತೆಗೆದ. ನಮ್ಮ ಊರಾಟದಲ್ಲಿ ರಾಜ ಆಟಕ್ಕೊಮ್ಮೆ ಕುದುರೆಯಂತೆ ಜಿಗಿಯಬಹುದು. ಕಾಕಾ ಜಿಗಿಸಿದ. ಮಶೀನು ಪೀಂ ಅಂತು. ಮತ್ತೆ ಜಿಗಿಸಿದ. ಮತ್ತೆ ಪೀಂ. ಯಾವ ಊರಿನ ಆಟ ಕಲಿತು ಬಂದಿದ್ದೀ ಅಂತ ಅದನ್ನು ಬೈದು, ಕೊನೆಗೆ ಪರದೇಶದ ರಾಜರಿಗೆ ಮೊಣಕಾಲು ನೋವು ಇರಬೇಕು ಅಂತ ಸಮಾಧಾನ ಮಾಡಿಕೊಂಡ.

ಹಳೆಯದೊಂದು, ಹೊಸದೊಂದು! ಇನ್ನು ಕಾಕಾ ಸುಮ್ಮನಿರುತ್ತಾನೆಯೇ? ಅಂದು ಸಂಜೆ ಕಟ್ಟೆಯ ಮೇಲೆ ಮಾತು ಬಂತು. ಹೊಸದೆಂದರೆ ಬರೀ ಡೌಲು, ನನ್ನ ಹಳೆಯದು ನಿನ್ನ ಹೊಸದಕ್ಕೆ ಮಣ್ಣು ಮುಕ್ಕಿಸುತ್ತದೆ ಅಂದರು ಸಾಹೇಬರು.

"ಮುಕ್ಕಸಲಿಲ್ಲಂದ್ರ?" ಅಂದ ಕಾಕಾ.

"ಅಂದ್ರ ನೀ ಹೇಳಿದ್ದು ಕೇಳತೇನಿ."

"ಹುಬ್ಬಳ್ಳಿಗೆ ಬರತಿ?"

ಸಾಹೇಬರು ಗಡ್ಡ ಸವರಿಕೊಂಡರು. "ಬರತೇನಿ. ಆದ್ರ ಹಳೇದು ಗೆದ್ರ ನೀ ದವಾಖಾನಿ ಸುದ್ದಿ ತೆಗೀಬಾರದು. ಸುಮ್ನ ಕುಂತು ನನ್ನ ಜೋಡಿ ಆಡಬೇಕು. ಸಾಯೂತನಾ."

ಹೀಗೆ ಒಬ್ಬ ಮುದುಕರ ಎರಡು ಕಣ್ಣು ಎರಡು ಡಬ್ಬಿಗಳ ಮೇಲೆ ಬಂದು ಕೂತವು.

ತಯಾರಿ ಕೇಳಬೇಡಿ. ಸಾಹೇಬರು ಮಗನ ಕೈ ಹಿಡಿದುಕೊಂಡು ಯಮನೂರಿನ ದರ್ಗಾಕ್ಕೆ ಹೋಗಿ ತಮ್ಮ ಮಶೀನಿನ ಮೇಲೆ ನವಿಲುಗರಿ ಆಡಿಸಿಕೊಂಡು ಬಂದರು. ಸುದ್ದಿ ತಿಳಿದ ಕಾಕಾ ಮರುದಿನವೇ ಅದೇ ಯಮನೂರಿಗೆ ಹೋಗಿ, ಅದೇ ನವಿಲುಗರಿಯನ್ನು ತನ್ನ ಮಶೀನಿಗೂ ಆಡಿಸಿದ. ಮನೆಗೆ ಬಂದು ಮೇಲೊಂದಿಷ್ಟು ವಿಭೂತಿಯನ್ನೂ ಎಳೆದ. ಇನ್ನು ಆ ಮಹಾತ್ಮರು ಯಾರ ಪಕ್ಷ ವಹಿಸಬೇಕು? ನಾನಾಗ ಹುಬ್ಬಳ್ಳಿಯಲ್ಲಿ ಕಾಲೇಜು ಮುಗಿಸಿ ಊರಲ್ಲಿ ಖಾಲಿ ಅಡ್ಡಾಡುತ್ತಿದ್ದೆ. ಇಂಗ್ಲಿಷ್ ಓದಬಲ್ಲೆನೆಂಬ ತಪ್ಪಿಗೆ ಗುಂಡಿ ಒತ್ತುವ ಕೆಲಸ ನನ್ನ ಪಾಲಿಗೆ ಬಂತು. ಒಂದರ ನಡೆಯನ್ನು ಇನ್ನೊಂದಕ್ಕೆ ತಿಳಿಸಬೇಕು, ಸಾಹೇಬರಿಗೆ ಕೇಳುವಂತೆ ಗಟ್ಟಿಯಾಗಿ ಕೂಗಬೇಕು. ಅದೂ ಇಂಗ್ಲಿಷ್ ಅಕ್ಷರದಲ್ಲಲ್ಲ, ವಜೀರನ ಮುಂದಿನ ಪ್ಯಾದೆ ಎರಡು ಮನೆ ಮುಂದೆ, ಎಡಗಡೆಯ ಒಂಟೆ ಅಡ್ಡ ಹೊರಟಿತು, ಹೀಗೆ.

ಮೊದಲ ಆಟ ಒಂದು ರವಿವಾರ ನಡೆಯಿತು. ನಮಸ್ಕಾರದ ಕತೆ ಆಗಲೇ ಹೇಳಿದೆ. ಓಣಿಯ ಮಂದಿಯೆಲ್ಲ ಪಡಸಾಲೆಯಲ್ಲಿ ಸೇರಿದ್ದರು. ಕಾಕೂ ಒಳಗಿನಿಂದಲೇ, ಡಬ್ಬಿಗಳು ಗುದ್ದಾಡುವುದನ್ನು ನೋಡಲು ಊರು ಬಂದಿದೆ, ಚಹಾ ಕಾಯಿಸಲು ಮಾತ್ರ ನಾನೊಬ್ಬಳೇ ಅಂತ ಪಾತ್ರೆಗಳಿಗೆ ಹೇಳುತ್ತಿದ್ದಳು. ಹಿರೇ ಮಶೀನಿಗೆ ಬಿಳಿ ಕಾಯಿ, ಮೊದಲ ನಡೆ. ಅದು ಒಂದೊಂದು ನಡೆಗೂ ಹತ್ತು ಹದಿನೈದು ನಿಮಿಷ ವಿಚಾರ ಮಾಡಿತು. ಕಿರೇದು ಮಾತ್ರ ಕೇಳಿದ ಕೂಡಲೇ ತಟ್ಟನೆ ಆಡಿಬಿಡುತ್ತಿತ್ತು. ಮಂದಿ ಬೇಸತ್ತು ಊಟ ಮಾಡಿ ಬಂದರು, ಮಲಗಿ ಎದ್ದು ಬಂದರು. ಸಂಜೆಯ ಹೊತ್ತಿಗೆ ಕಿರೇದರ ರಾಜ ಮೂಲೆಯಲ್ಲಿ ಸಿಕ್ಕಿಬಿದ್ದ. ಹಳೆಯದು ಗೆದ್ದಿತ್ತು.

ಕಾಕಾನ ಮುಖ ನೋಡಲಾಗಲಿಲ್ಲ. ಆದರೆ ಸಾಹೇಬರು ನಗಲಿಲ್ಲ. ನಿನ್ನ ಮಶೀನು ಅಷ್ಟು ತಟ್ಟನೆ ಯಾಕೆ ಆಡುತ್ತಿತ್ತು ಅಂತ ಕೇಳಿದರು. ಆಗ ಕಾಕಾ ಹೇಳಿದ್ದನ್ನು ಕೇಳಿ ನಾನು ಹಣೆ ಬಡಿದುಕೊಂಡೆ. ಎರಡೂ ಮಶೀನಿಗೆ ಎಷ್ಟು ಹೊತ್ತು ವಿಚಾರ ಮಾಡಬೇಕೆಂದು ಹೇಳುವ ಮಟ್ಟಗಳಿದ್ದವು. ನನ್ನಿಂದ ಕೇಳಿ ತಿಳಿದುಕೊಂಡಿದ್ದ ಕಾಕಾ, ಬೆಳಿಗ್ಗೆ ಪೂಜೆ ಮುಗಿಸಿ ತಾನೇ ಕೂತು ಹಿರೇದನ್ನು ಎಲ್ಲಕ್ಕಿಂತ ಮೇಲಿನ ಮಟ್ಟಕ್ಕೂ ಕಿರೇದನ್ನು ಎಲ್ಲಕ್ಕಿಂತ ಕೆಳಗಿನ ಮಟ್ಟಕ್ಕೂ ಇಟ್ಟಿದ್ದ! ಯಾಕೆ? ಹಿರಿಯರಿಗೆ ಅವಸರ ಮಾಡಬಾರದು. ಹಿರಿಯರು ಕೇಳಿದರೆ ಕಿರಿಯರು ತಡಮಾಡದೆ ಉತ್ತರ ಕೊಡಬೇಕು. ನಮ್ಮ ಮನೆಯಲ್ಲಿ ನಾವೆಲ್ಲ ಬೆಳೆದದ್ದೇ ಹಾಗೆ. ಸಾಹೇಬರ ಕಣ್ಣು ಪಣಕ್ಕಿದೆ ಅಂತ ಗೊತ್ತಿದ್ದೂ ಅವನ ಕೈ ಆ ಮರ್ಯಾದೆಯನ್ನು ಬಿಡಲಿಲ್ಲ.

ಸಾಹೇಬರ ಮುಖ ಕೆಂಪಾಯಿತು. "ಮರ್ಯಾದಿ ಊಟದ ಪಂಕ್ತಿಯಾಗ ಕೊಡಲೇ, ಪಟದ ಮ್ಯಾಲ ಕೊಡಬ್ಯಾಡ. ನಾ ನಿನಗ ಎಂದಾರ ಒಂದು ಪ್ಯಾದಿ ಬಿಟ್ಟುಕೊಟ್ಟೇನೇನು?"

ಆ ಆಟ ಲೆಕ್ಕಕ್ಕಿಲ್ಲ, ಇನ್ನೊಮ್ಮೆ ಆಗಲಿ, ಎರಡಕ್ಕೂ ಒಂದೇ ವೇಳೆ ಕೊಡು ಅಂದರು. ಗೆದ್ದದ್ದನ್ನು ಹಾಗೆ ಕೈಯಾರೆ ಒಗೆದು, ಕೋಲು ಊರುತ್ತ ಮನೆಗೆ ಹೋದರು.

ಎರಡನೆಯ ಆಟ ಮುಂದಿನ ರವಿವಾರ. ಎರಡಕ್ಕೂ ಸಮ ಹೊತ್ತು. ಆಗ ತಿಳಿಯಿತು ನನಗೆ, ಹೊಸದರ ಬಲ ಎಲ್ಲಿದೆ ಅಂತ. ಮಶೀನಿಗೆ ಜಾಣತನ ಅಂತ ಬೇರೆ ಏನೂ ಇಲ್ಲ. ನಾನು ಹೀಗೆ ಮಾಡಿದರೆ ಅವನು ಹಾಗೆ, ಆಗ ನಾನು ಹೀಗೆ, ಅಂತ ಎಣಿಸುತ್ತ ಹೋಗುವುದಷ್ಟೇ ಅದರ ವಿದ್ಯೆ. ಹಳೆಯದು ಮದುವೆಗೆ ಕರೆಯಲು ಹೊರಟ ಹಿರಿಯರ ಹಾಗೆ: ಒಂದು ಬಾಗಿಲನ್ನೂ ಬಿಡುವುದಿಲ್ಲ, ಪ್ರತಿ ಮನೆಯಲ್ಲೂ ಕೂತು ನೀರು ಕುಡಿದು ಮುಂದೆ ಹೋಗುತ್ತದೆ, ಓಣಿ ಮುಗಿಯುವುದರೊಳಗೆ ಹೊತ್ತು ಮುಳುಗುತ್ತದೆ. ಹೊಸದು ಯಾವ ಬಾಗಿಲು ಬಡಿಯುವ ಕಾರಣವಿಲ್ಲ ಅಂತ ಮೊದಲೇ ಗುರುತಿಸಿ, ಅದೇ ಹೊತ್ತಿನಲ್ಲಿ ಮುಂದಿನ ಊರನ್ನೇ ಮುಟ್ಟಿ ಬರುತ್ತದೆ. ಹಾಗಂತ ಹಳೆಯದು ದಡ್ಡ ಅನ್ನಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೆ ಯಾರನ್ನೂ ಬಿಟ್ಟು ಹೋಗುವುದು ಗೊತ್ತಿರಲಿಲ್ಲ, ಅಷ್ಟೇ.

ಸಂಜೆಯಾಗುವಾಗ ಹಳೆಯದರ ಸ್ಥಿತಿ ಬಿಗಡಾಯಿಸಿತು. ಕಣ್ಣು ಮುಚ್ಚಿ ಕೂತ ಸಾಹೇಬರು ನನ್ನ ಪ್ರತಿ ಕೂಗಿಗೂ ಸಣ್ಣಗೆ ತಲೆ ಆಡಿಸುತ್ತಿದ್ದರು. ಅವರಿಗೂ ಗೊತ್ತಾಗಿತ್ತು. ಅಷ್ಟರಲ್ಲಿ ಕರೆಂಟು ಹೋಯಿತು.

ಹಳೆಯದು ಕರೆಂಟಿನ ಮೇಲೆಯೇ ನಡೆಯುವಂಥದ್ದು. ಆರಿತೆಂದರೆ ಆಟವೆಲ್ಲ ಮರೆತುಬಿಡುತ್ತಿತ್ತು. ಹೊಸದಕ್ಕೆ ಸೆಲ್ ಹಾಕಬಹುದಿತ್ತು, ಆದರೆ ಆ ಸೆಲ್ಲುಗಳನ್ನು ಕಾಕೂ ಎಂದೋ ತನ್ನ ಬ್ಯಾಟರಿಗೆ ಹಾಕಿಕೊಂಡಿದ್ದಳು. ಅದೂ ಆರಿತು. ಇರಲಿ, ಪಟದ ಮೇಲೆ ಕಾಯಿಗಳಿದ್ದವಲ್ಲ. ಕರೆಂಟು ಬಂದ ಮೇಲೆ ಅವು ಇದ್ದಲ್ಲಿಂದಲೇ ಆಟ ಮುಂದುವರಿಸಬಹುದಿತ್ತು. ಆದರೆ ಗೆಲುವು ಕೈಗೆ ಬಂದಿದ್ದ ಕಾಕಾ, ಕರೆಂಟಿನವರನ್ನು ಬೈಯುತ್ತ ದಡಕ್ಕನೆ ಎದ್ದ. ಅವನ ಧೋತರದ ಚುಂಗು ಪಟಕ್ಕೆ ಸಿಕ್ಕಿತು. ರಾಜ, ವಜೀರ, ಆನೆ, ಒಂಟೆ ಎಲ್ಲ ಪಡಸಾಲೆಯ ತುಂಬ ಉರುಳಿದವು.

ಕಾಕೂ ಕಂದೀಲು ತಂದಿಟ್ಟಳು. ಕಾಯಿಗಳನ್ನೇನೋ ಆರಿಸಿದೆ, ಆದರೆ ಎಲ್ಲಿಡುವುದು? ನನಗೆ ಅರ್ಧ ನೆನಪಿತ್ತು, ಕಾಕಾನಿಗೆ ಅದೂ ಇರಲಿಲ್ಲ. ಅವನು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಕೂತ. ಹೋಯಿತು, ಕೆಟ್ಟಿತು ಅಂತ ನಾನೂ ಅಂದುಕೊಂಡೆ. ಸಾಹೇಬರು ಈಗ ಎದ್ದು ಮನೆಗೆ ಹೋದರೆ ಅವರನ್ನು ತಪ್ಪೆನ್ನುವವರು ಸಂಶಿಯಲ್ಲಿ ಒಬ್ಬರೂ ಇರಲಿಲ್ಲ.

ಸಾಹೇಬರು ಕಣ್ಣು ಮುಚ್ಚಿಕೊಂಡೇ ಶುರು ಮಾಡಿದರು. ಕರೀ ರಾಜ ಇಲ್ಲಿ, ಅವನ ಮುಂದೆ ಮೂರು ಪ್ಯಾದೆ, ವಜೀರ ನಡುಮನೆಯಲ್ಲಿ. ಅವರು ಹೇಳುತ್ತ ಹೋದರು, ನಾನು ಇಡುತ್ತ ಹೋದೆ. ಹೊಸದರ ಕಾಯಿಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಬಂದು ನಿಂತವು. ಆಮೇಲೆ ತಮ್ಮ ಮಶೀನಿನ ಬಿಳಿ ಕಾಯಿಗಳನ್ನು ಹೇಳಿದರು. ರಾಜನನ್ನು ಅದೇ ಇಕ್ಕಟ್ಟಿನ ಮೂಲೆಯಲ್ಲಿ, ಕಾಯುವವರಿಲ್ಲದೆ, ತಾವೇ ಇಡಿಸಿದರು.

ಕಾಕಾನಿಗೆ ತಡೆಯಲಾಗಲಿಲ್ಲ. "ಅಣ್ಣಾ, ಅಲ್ಲಿ ನಿಂದೊಂದು ಆನಿ ಇತ್ತಲ್ಲ?"

"ಇರಲಿಲ್ಲ," ಅಂದರು ಸಾಹೇಬರು. "ಅದನ್ನ ಮಧ್ಯಾಹ್ನನ ನಿನ್ನ ಮಶೀನು ತಿಂದೈತಿ."

ಕರೆಂಟು ಬಂತು. ಹೆಚ್ಚು ಹೊತ್ತು ಹಿಡಿಯಲಿಲ್ಲ. ಹೊಸದರ ಅಂಚಿನಲ್ಲಿ ಕಡೆಯ ದೀಪ ಹತ್ತಿದಾಗ ನಾನು ಶಹಾ ಅಂದೆ. ಮಾತ್ ಅನ್ನುವುದನ್ನು ಸಾಹೇಬರೇ ಹೇಳಿದರು. ಕೈಯಾಡಿಸಿ ತಮ್ಮ ಕರೀ ಡಬ್ಬಿಯನ್ನು ಹುಡುಕಿ, ಮೊಳಕಾಲ ಮೇಲೆ ಇಟ್ಟುಕೊಂಡು, ನಾಳೆ ಹುಬ್ಬಳ್ಳಿಗೆ ಮೊದಲ ಬಸ್ಸು ಎಷ್ಟಕ್ಕೆ ಅಂತ ಕೇಳಿದರು.

ದವಾಖಾನೆಯಲ್ಲಿ ಒಳಗೆ ಹೋದವರು ಸಾಹೇಬರು, ಹೊರಗೆ ಬೆವೆತವನು ಕಾಕಾ. ಹೊಸದೇ ಜೋರು ಅಂತ ಊರೆಲ್ಲ ಸಾರಿದವನು ಅಲ್ಲಿಯ ಬಾಕಿನ ಮೇಲೆ ಕೂತು, ಸೋದರಮಾವನ ಕತೆ ನಿಜ ಇರಬಹುದೇನೋ ಅಂತ ನನ್ನನ್ನು ಪದೇ ಪದೇ ಕೇಳಿದ. ಪಟ್ಟಿ ಬಿಚ್ಚಿದ ಮೇಲೂ ಸಾಹೇಬರಿಗೆ ಎಲ್ಲ ಮಸುಕು ಮಸುಕು. ಹಲವು ವಾರ ತಡೆಯಿರಿ, ಕನ್ನಡಕ ಬರಲಿ ಅಂದರು ಡಾಕ್ಟರು. ಆ ವಾರಗಳಲ್ಲಿ ಕಾಕಾ ಎರಡು ಬಸ್ಸುಗಳನ್ನೂ ಹೋಲಿಸಲಿಲ್ಲ.

ಕಡೆಗೆ ಕನ್ನಡಕ ಬಂತು. ಸೀಸೆಯ ತಳದಂಥ ದಪ್ಪ ಗಾಜು. ಕಾಕಾ ಆ ಸಂಜೆ ಮಶೀನುಗಳನ್ನು ಮುಟ್ಟಲಿಲ್ಲ. ಹಳೆಯ ಬಟ್ಟೆಯ ಪಟವನ್ನೇ ಕಟ್ಟೆಯ ಮೇಲೆ ಹಾಸಿ, ತಲೆ ಬಗ್ಗಿಸಿ ಒಂದೊಂದೇ ಕಾಯಿ ಇಡತೊಡಗಿದ. ಸಾಹೇಬರು ಎದುರಿಗೆ ಕೂತು ಕನ್ನಡಕ ಏರಿಸಿದರು. ಓಣಿ ನೋಡಿದರು. ತಮ್ಮ ಅಂಗೈ ನೋಡಿಕೊಂಡರು. ಆಮೇಲೆ ಕಾಕಾನ ಕಡೆ ತಿರುಗಿ, ಬಹಳ ಹೊತ್ತು ಹಾಗೇ ನೋಡುತ್ತಿದ್ದರು.

"ಲೇ ತಮ್ಮಾ, ನೀ ಯಾವಾಗ ಮುದುಕ ಆದಿ?"

ಕಾಕಾ ಪ್ಯಾದೆಗಳನ್ನು ಸಾಲಿಗೆ ಹಚ್ಚುತ್ತ, ಮುಖ ಎತ್ತದೆ ಅಂದ:

"ನೀ ನೋಡದಾಗ, ಅಣ್ಣಾ."

"ಕಾಯಿ ಆಮ್ಯಾಲ ಇಡುವಂತಿ," ಅಂದರು ಸಾಹೇಬರು. "ಮೊದಲ ಮಾರಿ ಎತ್ತು."