ಸೆಕೆಂಡಿಗೊಂದು ಹನಿ

ಆ ಮನೆಯ ಫ್ಲಶ್ ಟ್ಯಾಂಕು ಕೆಟ್ಟು ಹನ್ನೊಂದು ದಿನವಾಗಿತ್ತು. ಟ್ಯಾಂಕಿಗೆ ನೀರು ಧಾರೆಯಾಗಿ ಬರುವುದನ್ನು ಬಿಟ್ಟು ಹನಿಹನಿಯಾಗಿ ಬೀಳುತ್ತಿತ್ತು. ಬೆಳಿಗ್ಗೆ ಒಬ್ಬರು ಫ್ಲಶ್ ಒತ್ತಿದರೆ ಮರುದಿನ ಬೆಳಗಿನವರೆಗೆ ಇನ್ನೊಬ್ಬರು ಒತ್ತುವ ಹಾಗಿರಲಿಲ್ಲ. ಒತ್ತಿದರೆ ಟ್ಯಾಂಕು ಒಮ್ಮೆ ಕೆಮ್ಮಿ ಸುಮ್ಮನಾಗುತ್ತಿತ್ತು. ಹೆಂಡತಿ ಬಕೆಟ್ಟಿನಲ್ಲಿ ನೀರು ಹೊತ್ತು ಹೊತ್ತು ಸುಸ್ತಾಗಿದ್ದಳು. ಯಜಮಾನರು ಮಾತ್ರ ಬಾಗಿಲಲ್ಲಿ ನಿಂತು, ಕೈಗಡಿಯಾರ ಹಿಡಿದು ಹನಿ ಎಣಿಸಿ, "ನಿಮಿಷಕ್ಕೆ ಸರಿಯಾಗಿ ಅರವತ್ತು ಕಣೇ. ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಎಂಥ ಶಿಸ್ತು ನೋಡು," ಎಂದು ತಲೆದೂಗಿದರು. ವಾಚ್ ರಿಪೇರಿಯವರನ್ನು ಕಟ್ಟಿಕೊಂಡ ಮೇಲೆ ಇಂಥದನ್ನೆಲ್ಲ ಕೇಳಿಸಿಕೊಳ್ಳಲೇಬೇಕು.

"ಪ್ಲಂಬರನ್ನ ಕರೀರಿ ಅಂದೆ, ಹನಿ ಎಣಿಸಿ ಅನ್ನಲಿಲ್ಲ," ಎಂದಳು ಹೆಂಡತಿ. "ನಾಲ್ಕು ಗಂಟೆ ಬಸ್ಸಿಗೆ ಅಪ್ಪ ಬರ್ತಿದ್ದಾರೆ. ಅವರಿಗೆ ಅರ್ಧ ಗಂಟೆಗೊಂದು ಸಲ ಹೋಗಬೇಕು. ಮನೇಲಿರೋದು ಇದೊಂದೇ."

ಪ್ಲಂಬರನ್ನು ಕರೆಯುವುದು ಅಷ್ಟು ಸುಲಭವಿರಲಿಲ್ಲ. ಅವನ ಅಂಗಡಿ ಇದ್ದದ್ದು ಯಜಮಾನರ ವಾಚ್ ಅಂಗಡಿಯ ಎದುರಿಗೇ. ಹೋದ ತಿಂಗಳು ಅವನ ವಾಚು ನಿಂತುಹೋದಾಗ, ಆ ಮಹಾನುಭಾವ ತಾನೇ ಚಾಕುವಿನಿಂದ ಅದನ್ನು ಬಿಚ್ಚಿ, ಸೆಕೆಂಡಿನ ಮುಳ್ಳು ಮುರಿದು, ಉಳಿದದ್ದನ್ನು ಕರ್ಚೀಫಿನಲ್ಲಿ ಗಂಟು ಕಟ್ಟಿಕೊಂಡು ಬಂದಿದ್ದ. ಯಜಮಾನರು ಗೋಡೆಯ ಮೇಲಿನ ಬೋರ್ಡಿಗೆ ಬೆರಳು ತೋರಿಸಿದ್ದರು: "ಬಿಚ್ಚಿ ತಂದ ವಾಚುಗಳನ್ನು ಮುಟ್ಟುವುದಿಲ್ಲ." ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ನಾಲ್ಕು ಜನ ಗಿರಾಕಿಗಳ ಮುಂದೆ, ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕುವ ಅವಿವೇಕಿಗಳ ಬಗ್ಗೆ ಕಾಲು ಗಂಟೆ ಉಪನ್ಯಾಸವನ್ನೂ ದಯಪಾಲಿಸಿದ್ದರು.

"ಅವನ್ಯಾಕೆ? ಟ್ಯಾಂಕೊಳಗಿರೋದು ಒಂದು ತೇಲೋ ಚೆಂಡು, ಒಂದು ಕಡ್ಡಿ, ಎರಡು ಮುಚ್ಚಳ," ಎಂದರು ಈಗ. "ಲೇಡೀಸ್ ವಾಚಲ್ಲಿ ಇದರ ಹತ್ತರಷ್ಟು ಸಾಮಾನಿರುತ್ತೆ."

ಹೀಗೆ ಶಸ್ತ್ರಚಿಕಿತ್ಸೆ ಆರಂಭವಾಯಿತು. ಕಮೋಡಿನ ಮುಚ್ಚಳ ಹಾಕಿ ಅದರ ಮೇಲೆ ಬಿಳಿ ಬಟ್ಟೆ ಹಾಸಿದರು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ನಿಂಬೆಹಣ್ಣಿನ ಗಾತ್ರದ ನಟ್ಟನ್ನು ಚಿಮುಟದಿಂದ ಹಿಡಿಯಲು ನೋಡಿದರು. ಬಿಚ್ಚಿದ್ದನ್ನೆಲ್ಲ ಒಂದೊಂದಾಗಿ ಸಾಸರಿನಲ್ಲಿಟ್ಟು, ಧೂಳು ಬೀಳದಂತೆ ಮೇಲೊಂದು ಕಪ್ಪು ಮಗುಚಿದರು. ಮೂರೂವರೆಗೆಲ್ಲ ಏಳು ಕಪ್ಪು ಏಳು ಸಾಸರು ಟಾಯ್ಲೆಟ್ಟಿನ ನೆಲದ ಮೇಲೆ ಸಾಲಾಗಿ ಕೂತಿದ್ದವು. ಒಳಗೆ ಯಾರೂ ಕಾಲಿಡಬಾರದೆಂದು ಕಟ್ಟಪ್ಪಣೆಯಾಯಿತು. ಪೈಪಿನ ತುದಿಯಿಂದ ಖಾಲಿ ಟ್ಯಾಂಕಿನೊಳಕ್ಕೆ ಹನಿ ಬೀಳುತ್ತಲೇ ಇತ್ತು, ಸೆಕೆಂಡಿಗೊಂದರಂತೆ.

"ಎಲ್ಲಾ ಬಿಚ್ಚಿದ್ರಲ್ಲ, ಕೆಟ್ಟಿರೋದು ಯಾವುದು?"

"ಯಾವುದೂ ಕೆಟ್ಟಿಲ್ಲ. ಅದೇ ನನಗೂ ಆಶ್ಚರ್ಯ."

"ಮತ್ತೆ ಜೋಡಿಸೋದು?"

"ಜೋಡಿಸೋಣ." (ಯಜಮಾನರು 'ಮಾಡ್ತೀನಿ' ಬಿಟ್ಟು 'ಮಾಡೋಣ' ಅಂದರೆ ದಾರಿ ತಪ್ಪಿದ್ದಾರೆಂದು ಹದಿನೆಂಟು ವರ್ಷದ ಸಂಸಾರ ಅವಳಿಗೆ ಕಲಿಸಿತ್ತು.) ಅವಳು ಅಡುಗೆಮನೆಗೆ ಹೋಗಿ ಪ್ಲಂಬರಿಗೆ ಫೋನ್ ಮಾಡಿದಳು.

ಮೊದಲು ಬಂದವರು ಮಾವ. ಬಸ್ಸಿನಲ್ಲಿ ಮೂರು ಗಂಟೆ ತಡೆದುಕೊಂಡಿದ್ದವರು ಚಪ್ಪಲಿ ಬಿಡುವಷ್ಟರಲ್ಲೇ ಟಾಯ್ಲೆಟ್ಟಿನ ಕಡೆ ಹೊರಟರು. ಬಾಗಿಲಲ್ಲಿ ಅಳಿಯ ಕೈ ಅಡ್ಡ ಹಿಡಿದರು.

"ಒಂದೈದು ನಿಮಿಷ ಮಾವ."

"ಆಗಲಿ, ಆಗಲಿ. ನಮ್ಮ ಅಳಿಯಂದಿರು ಕೈ ಇಟ್ಟ ಮೇಲೆ ಯೋಚನೆ ಏನು? ಊರಲ್ಲೆಲ್ಲ ಹೇಳ್ತಿರ್ತೀನಿ," ಎಂದ ಮಾವ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸಿದರು. ಯಜಮಾನರು ಸಾಸರುಗಳು ಕಾಣದಂತೆ ಬಾಗಿಲಿಗೆ ಇನ್ನಷ್ಟು ಅಡ್ಡ ನಿಂತರು. ಇಷ್ಟು ವರ್ಷದಲ್ಲಿ ಅವರನ್ನು ಹೊಗಳಿದ ಒಬ್ಬನೇ ಮನುಷ್ಯ ಕಣ್ಣೆದುರೇ ಕುಣಿಯುತ್ತಿದ್ದ.

ಅಷ್ಟರಲ್ಲಿ ಪ್ಲಂಬರ್ ಬಂದ. ಟ್ಯಾಂಕು ನೋಡಿದ. ಕಪ್ಪು-ಸಾಸರುಗಳನ್ನು ಎಣಿಸಿದ. ಆಮೇಲೆ ನಿಧಾನವಾಗಿ ಹೇಳಿದ, "ಬಿಚ್ಚಿದ ಟ್ಯಾಂಕನ್ನ ನಾವು ಮುಟ್ಟಲ್ಲ ಸರ್."

"ನೋಡಪ್ಪಾ, ವಯಸ್ಸಾದವರು ಕಾಯ್ತಿದ್ದಾರೆ."

"ಪಾಪ, ಹೌದು." ಜೇಬಿನಿಂದ ಅದೇ ಕರ್ಚೀಫಿನ ಗಂಟು ಹೊರಬಂತು. "ನೀವು ಇದನ್ನ ಮುಟ್ಟಿದ್ರೆ ನಾನು ಅದನ್ನ ಮುಟ್ತೀನಿ. ಮೊದಲು ಇದು."

ಯಜಮಾನರು ಹೆಂಡತಿಯ ಮುಖ ನೋಡಿದರು. ಅಲ್ಲಿ ಯಾವ ಸಹಾಯವೂ ಇರಲಿಲ್ಲ. ಕಮೋಡಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ವಾಚಿನ ಬೆನ್ನು ತೆಗೆದರು. ಬಲ್ಬಿನ ಮಂಕು ಬೆಳಕು, ಬೆವರಿಗೆ ಮಸುಕಾದ ಭೂತಗನ್ನಡಿ, ಬೆನ್ನ ಹಿಂದೆ ಮಾವನ ಕವಾಯತು. ಒರೆಸಿದರು, ಊದಿದರು, ತಂತಿ ಕೂಡಿಸಿ ಸೆಲ್ಲು ಒತ್ತಿದರು. ಕಿವಿಗೆ ಹಿಡಿದು ಕಣ್ಣು ಮುಚ್ಚಿದರು. ಟಿಕ್, ಟಿಕ್, ಟಿಕ್. ನಿಖರವಾಗಿ ಸೆಕೆಂಡಿಗೊಂದು. ಯಜಮಾನರ ಎದೆ ಎರಡಂಗುಲ ಉಬ್ಬಿತು.

"ತಗೋ, ನಡೀತಿದೆ. ಟೈಮ್ ನೀನೇ ಸರಿ ಮಾಡ್ಕೋ," ಎಂದು ಮುಚ್ಚಳ ಅಮುಕಿ ಕೊಟ್ಟರು. "ಇದಕ್ಕೆ ಕೈಗುಣ ಅಂತಾರೆ."

ಪ್ಲಂಬರ್ ವಾಚನ್ನು ಜೇಬಿಗಿಳಿಸಿ ಕೆಲಸಕ್ಕೆ ಕೂತ. ಏಳು ಸಾಸರು ಐದು ನಿಮಿಷದಲ್ಲಿ ಖಾಲಿಯಾದವು. ಆಮೇಲೆ ಟ್ಯಾಂಕಿನ ಕೆಳಗೆ, ಗೋಡೆಯಲ್ಲಿದ್ದ ಪುಟ್ಟ ನಲ್ಲಿಯನ್ನು ಬಿಚ್ಚಿ, ಒಂದು ತಂತಿ ತೂರಿಸಿ, ಕಡಲೆಕಾಳಿನಷ್ಟು ತುಕ್ಕಿನ ಉಂಡೆಯನ್ನು ತೆಗೆದು ಯಜಮಾನರ ಅಂಗೈಯಲ್ಲಿಟ್ಟ.

"ಇಷ್ಟೇ ಸರ್. ಟ್ಯಾಂಕು ಬಿಚ್ಚೋದೇ ಬೇಕಿರಲಿಲ್ಲ."

ನಲ್ಲಿ ಮತ್ತೆ ಕೂಡಿಸಿದ್ದೇ ನೀರು ಟ್ಯಾಂಕಿಗೆ ಭೋರೆಂದು ನುಗ್ಗಿತು. ಮಾವ ಎಲ್ಲರನ್ನೂ ತಳ್ಳಿಕೊಂಡು ಒಳಗೆ ಹೋಗಿ ಚಿಲಕ ಹಾಕಿಕೊಂಡರು. ಟ್ಯಾಂಕು ತುಂಬಿತು, ಚೆಂಡು ಮೇಲೆದ್ದಿತು, ನೀರು ನಿಂತಿತು. ಹನ್ನೊಂದು ದಿನಗಳ ನಂತರ ಮನೆಯಲ್ಲಿ ಮೊದಲ ಸಲ ಸದ್ದಡಗಿತು.

ಆ ನಿಶ್ಶಬ್ದದಲ್ಲಿ ಪ್ಲಂಬರ್ ಜೇಬಿನಿಂದ ವಾಚು ತೆಗೆದು ಕಿವಿಗೆ ಹಿಡಿದ. ಅಲ್ಲಾಡಿಸಿ ಇನ್ನೊಂದು ಕಿವಿಗೆ ಹಿಡಿದ. ಯಜಮಾನರು ಕಿತ್ತುಕೊಂಡು ತಮ್ಮ ಕಿವಿಗೆ ಹಿಡಿದರು. ಅವರ ಕಣ್ಣು ಮೆಲ್ಲಗೆ ಟಾಯ್ಲೆಟ್ಟಿನ ಬಾಗಿಲ ಕಡೆ ಹೊರಳಿತು. ಅರವತ್ತಕ್ಕೆ ಅರವತ್ತು ಬಡಿಯುತ್ತಿದ್ದದ್ದು ಏನೆಂದು ಆಗ ಹೊಳೆಯಿತು. ಹೆಂಡತಿಗೆ ಅದಕ್ಕಿಂತ ಮೊದಲೇ ಹೊಳೆದಿತ್ತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

"ಸರ್," ಎಂದ ಪ್ಲಂಬರ್ ಬಹಳ ವಿನಯದಿಂದ, "ಬಿಚ್ಚಿದ ವಾಚು ಮುಟ್ಟೋರು ಬೇರೆ ಯಾರಾದ್ರೂ ನಿಮಗೆ ಗೊತ್ತಾ?"

ಬಾಗಿಲು ತೆರೆಯಿತು. ಮಾವ ಹಗುರವಾಗಿ, ನಗುಮುಖದಿಂದ ಹೊರಬಂದು ಅಳಿಯನ ಭುಜ ತಟ್ಟಿದರು. "ನಾನು ಹೇಳಲಿಲ್ವಾ, ನಿಮ್ಮ ಕೈಗೆ ಸಿಕ್ಕಿದ್ದು ನಡೀದೇ ಇರಲ್ಲ ಅಂತ. ಅಂದಹಾಗೆ, ಗಂಟೆ ಎಷ್ಟಾಯ್ತು ಅಳಿಯಂದಿರೇ?"

ಯಜಮಾನರು ಕೈಯಲ್ಲಿದ್ದ ವಾಚನ್ನು ಬೆನ್ನ ಹಿಂದೆ ಸರಿಸಿದರು. ಅಲ್ಲಿ ನಿಂತಿದ್ದ ಹೆಂಡತಿ ಬಗ್ಗಿ ನೋಡಿ ಉತ್ತರ ಕೊಟ್ಟಳು.

"ಹನ್ನೊಂದೂ ಹತ್ತು ಅಪ್ಪ. ಹೋದ ತಿಂಗಳದ್ದು."